ಆರೋಗ್ಯ ಯೋಜನೆ: ಪರರ ಆಳ್ವಿಕೆಯಲ್ಲಿ ಮತ್ತು ನಮ್ಮ ಕೈಯಲ್ಲಿ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು ಕೇಳದ ಹಳ್ಳಿ ಇಂದು ನಮ್ಮ ನಾಡಿನಲ್ಲಿಲ್ಲ. ಮಗುವಿಗೆ ಚುಚ್ಚುಮದ್ದು ಹಾಕಿಸಲು, ಜ್ವರಕ್ಕೆ ಮಾತ್ರೆ ಪಡೆಯಲು, ಬಸುರಿಯ ತಪಾಸಣೆಗೆ ನೀವು ಅಲ್ಲಿಗೆ ಬರುತ್ತೀರಿ. ಆದರೆ ಈ ಕೇಂದ್ರವೆಂಬ ವಿಚಾರ ಯಾವ ಕಾಲದಲ್ಲಿ, ಯಾವ ಕಾರಣದಿಂದ ಹುಟ್ಟಿತು ಎಂಬುದನ್ನು ಬಹಳ ಜನ ಅರಿಯರು. ಅದು ಹುಟ್ಟಿದುದು ನಮ್ಮ ದೇಶ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ. ಆ ಕಥೆಯನ್ನು ತಿಳಿದರೆ ಆರೋಗ್ಯ ಯೋಜನೆಯಲ್ಲಿ ಸರ್ಕಾರದ ಪಾಲು ಎಷ್ಟು, ಗಂಡಹೆಂಡಿರಾದ ನಿಮ್ಮ ಪಾಲು ಎಷ್ಟು ಎಂಬುದು ಸ್ಪಷ್ಟವಾಗುತ್ತದೆ. ಆದ್ದರಿಂದ ಇಂದು ಆ ವಿಷಯವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ವಸಾಹತು ಎಂದರೆ ಒಂದು ದೇಶ ಮತ್ತೊಂದು ದೇಶವನ್ನು ತನ್ನ ಲಾಭಕ್ಕಾಗಿ ಆಳುವುದು. ಅಂಥ ಆಳ್ವಿಕೆಯಲ್ಲಿ ಆಸ್ಪತ್ರೆಗಳು ಇರಲಿಲ್ಲವೆಂದಲ್ಲ. ಇದ್ದವು, ಆದರೆ ಅವು ಮೊದಲು ನೋಡಿಕೊಂಡದ್ದು ಸೈನಿಕರನ್ನು, ಅಧಿಕಾರಿಗಳನ್ನು, ಪಟ್ಟಣದವರನ್ನು. ಹಳ್ಳಿಯ ರೈತನ ಮನೆಯಲ್ಲಿ ಯಾರು ಸತ್ತರು, ಏಕೆ ಸತ್ತರು ಎಂದು ಕೇಳುವವರು ವಿರಳ. ಬರವೋ ಪಿಡುಗೋ ಬಂದಾಗ ಮಾತ್ರ ಸರ್ಕಾರ ಹಳ್ಳಿಯ ಬಾಗಿಲಿಗೆ ಬರುತ್ತಿತ್ತು.

ಬಂದಾಗ ಹೇಗೆ ಬರುತ್ತಿತ್ತು ಎಂಬುದಕ್ಕೆ ಒಂದು ಉದಾಹರಣೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೆ ತಂದರು. ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಅಡಿಗೆಮನೆ, ದೇವರಮನೆಗಳನ್ನೂ ಬಿಡಲಿಲ್ಲ. ಕ್ರಮದ ಉದ್ದೇಶ ರೋಗವನ್ನು ತಡೆಯುವುದೇ ಆಗಿತ್ತು. ಆದರೆ ಜನರಿಗೆ ತಿಳಿಹೇಳದೆ, ಅವರ ಮಾನಕ್ಕೆ ಬೆಲೆ ಕೊಡದೆ ಮಾಡಿದುದರ ಫಲವೇನಾಯಿತು? ಜನ ರೋಗಿಗಳನ್ನು ಬಚ್ಚಿಟ್ಟರು; ರೋಗ ಮತ್ತಷ್ಟು ಹರಡಿತು. 1898ರ ಹೊತ್ತಿಗೆ ಪ್ಲೇಗು ಹುಬ್ಬಳ್ಳಿಗೂ ಬೆಂಗಳೂರಿಗೂ ಬಂದಿತ್ತು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಮೈಸೂರು ಸಂಸ್ಥಾನವು ಮಲ್ಲೇಶ್ವರ, ಬಸವನಗುಡಿಗಳೆಂಬ ಹೊಸ ಬಡಾವಣೆಗಳನ್ನು ಕಟ್ಟಿಸಿತು. ಇವೆರಡನ್ನೂ ಹೋಲಿಸಿ ನೋಡಿ. ಗಾಳಿ ಬೆಳಕಿನ ಮನೆಯನ್ನು ಜನರು ಒಪ್ಪಿದರು. ಸಿಪಾಯಿಯ ಬೂಟಿನ ಕಾಲನ್ನು ಒಪ್ಪಲಿಲ್ಲ.

ಇನ್ನು ದುಡಿಯುವ ಜನರ ವಿಷಯ. ಗಿರಣಿಗಳಲ್ಲಿ, ಗಣಿಗಳಲ್ಲಿ, ಕಾಫಿ ಮತ್ತು ಚಹಾ ತೋಟಗಳಲ್ಲಿ ಲಕ್ಷಾಂತರ ಮಂದಿ ದುಡಿಯುತ್ತಿದ್ದರು. ಹೆಣ್ಣುಮಕ್ಕಳು ಹೆರಿಗೆಯ ಹಿಂದಿನ ದಿನದವರೆಗೆ ಕೂಲಿಗೆ ಹೋಗಿ, ಹೆತ್ತ ಕೆಲವೇ ದಿನಗಳಲ್ಲಿ ಮತ್ತೆ ಕೆಲಸಕ್ಕೆ ಹಾಜರಾಗುವುದು ಸಾಮಾನ್ಯವಾಗಿತ್ತು. ಒಂದು ದಿನ ತಪ್ಪಿದರೆ ಆ ದಿನದ ಗಂಜಿ ಇಲ್ಲ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರು ಅದನ್ನು ಬೆಂಬಲಿಸಿ ಮಾತನಾಡಿದರು. 1929ರಲ್ಲಿ ಅದು ಕಾಯ್ದೆಯಾಯಿತು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಸೀಮೆ ಆಗ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರು ಸಂಸ್ಥಾನವೂ 1937ರಲ್ಲಿ ಇಂಥದೊಂದು ಕಾಯ್ದೆಯನ್ನು ಮಾಡಿತು. 1929ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಕಾರ್ಮಿಕರ ರಾಯಲ್ ಆಯೋಗವು 1931ರಲ್ಲಿ ವರದಿ ಕೊಟ್ಟು ಕೂಲಿಕಾರರ ವಸತಿ, ಆರೋಗ್ಯ, ಸಾಲದ ಬಾಧೆಗಳನ್ನು ವಿವರವಾಗಿ ಬರೆಯಿತು.

ಆದರೆ ಪರರ ಆಳ್ವಿಕೆಯಲ್ಲಿ ದೊರೆತ ಕಲ್ಯಾಣ ಎಷ್ಟು ಗಟ್ಟಿಯಾದುದು? ಗಣಿಯ ಆಳದಲ್ಲಿ ಹೆಂಗಸರನ್ನು ದುಡಿಸಬಾರದೆಂಬ ನಿಷೇಧವು 1937ರಲ್ಲಿ ಪೂರ್ಣವಾಗಿ ಜಾರಿಗೆ ಬಂದಿತು. ಯುದ್ಧಕ್ಕೆ ಕಲ್ಲಿದ್ದಲು ಬೇಕಾದಾಗ, 1943ರಲ್ಲಿ, ಕಲ್ಲಿದ್ದಲ ಗಣಿಗಳಲ್ಲಿ ಆ ನಿಷೇಧವನ್ನು ತೆಗೆದುಹಾಕಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಮತ್ತೆ ಜಾರಿಗೆ ತಂದರು. ಹೆಣ್ಣಿನ ಆರೋಗ್ಯ ಬದಲಾಗಲಿಲ್ಲ, ಆಳುವವರ ಅಗತ್ಯ ಬದಲಾಯಿತು. ಕೊಡುವವನ ಕೈಯಲ್ಲೇ ಹಗ್ಗವಿದ್ದರೆ ಬೇಕಾದಾಗ ಸಡಿಲಿಸುತ್ತಾನೆ, ಬೇಡವಾದಾಗ ಬಿಗಿಯುತ್ತಾನೆ.

ಅದೇ 1943ರಲ್ಲಿ, ಬಂಗಾಳದಲ್ಲಿ ಲಕ್ಷಾಂತರ ಜನ ಕ್ಷಾಮದಿಂದ ಸಾಯುತ್ತಿದ್ದಾಗ, ಸರ್ಕಾರವು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ದೇಶದ ಆರೋಗ್ಯದ ಸ್ಥಿತಿಯನ್ನು ಅಳೆದು ಮುಂದಿನ ದಾರಿಯನ್ನು ಸೂಚಿಸುವುದು ಅದರ ಕೆಲಸ. ಡಾ. ಬಿ. ಸಿ. ರಾಯ್, ಡಾ. ಎ. ಎಲ್. ಮುದಲಿಯಾರ್ ಅವರಂಥ ವೈದ್ಯರೂ ಕಾರ್ಮಿಕ ಮುಂದಾಳು ಎನ್. ಎಂ. ಜೋಶಿಯವರೂ ಅದರಲ್ಲಿದ್ದರು. 1946ರಲ್ಲಿ ಸಮಿತಿ ತನ್ನ ವರದಿಯನ್ನು ಒಪ್ಪಿಸಿತು.

ಅದರಲ್ಲಿಯ ಕೆಲವು ಅಂಕಿಗಳನ್ನು ದಯಮಾಡಿ ಗಮನಿಸಿ. ಹುಟ್ಟಿದ ಮಗು ಬದುಕುವುದೆಂದು ನಿರೀಕ್ಷಿಸಬಹುದಾದ ಸರಾಸರಿ ಆಯುಷ್ಯ 27 ವರ್ಷ. 1937ರಲ್ಲಿ ಜೀವಂತ ಹುಟ್ಟಿದ 1000 ಶಿಶುಗಳಲ್ಲಿ 162 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಅದೇ ವರ್ಷ ಇಂಗ್ಲೆಂಡಿನಲ್ಲಿ ಈ ಸಂಖ್ಯೆ 58. ಆಳುವವರ ದೇಶಕ್ಕೂ ಆಳಿಸಿಕೊಂಡವರ ದೇಶಕ್ಕೂ ಇದ್ದ ಅಂತರ ತೊಟ್ಟಿಲಿನಲ್ಲೇ ಕಾಣುತ್ತಿತ್ತು. ಒಟ್ಟು ಸಾವುಗಳಲ್ಲಿ ಸುಮಾರು ಅರ್ಧದಷ್ಟು 10 ವರ್ಷದೊಳಗಿನ ಮಕ್ಕಳವು. ಸಾವಿರ ಹೆರಿಗೆಗಳಲ್ಲಿ ಸುಮಾರು 20 ತಾಯಂದಿರು ಪ್ರಾಣ ಬಿಡುತ್ತಿದ್ದರು. ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಅಲಂಕಾರದ ಮಾತಲ್ಲ. ಕಣ್ಣಾರೆ ಕಂಡ ಮಾತು. ಇವರನ್ನು ನೋಡಿಕೊಳ್ಳಲು ಇದ್ದವರೆಷ್ಟು? ಸುಮಾರು 6,300 ಜನರಿಗೆ ಒಬ್ಬ ವೈದ್ಯ, 43,000 ಜನರಿಗೆ ಒಬ್ಬ ದಾದಿ, 60,000 ಜನರಿಗೆ ತರಬೇತಿ ಪಡೆದ ಒಬ್ಬ ಸೂಲಗಿತ್ತಿ. ಅವರಲ್ಲಿಯೂ ಹೆಚ್ಚಿನವರು ಪಟ್ಟಣವಾಸಿಗಳು.

ಈ ಸ್ಥಿತಿಯಲ್ಲಿ ಸಮಿತಿ ಏನು ಹೇಳಿತು? ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತು. ರೋಗ ಬಂದ ಮೇಲೆ ಮದ್ದು ಕೊಡುವುದು, ರೋಗ ಬರದಂತೆ ತಡೆಯುವುದು, ಇವೆರಡೂ ಒಂದೇ ಸೂರಿನಡಿ ನಡೆಯಬೇಕು ಎಂದಿತು. ಮೊದಲ ಹಂತದಲ್ಲಿ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರಲ್ಲಿ ಇಬ್ಬರು ವೈದ್ಯರು, ದಾದಿಯರು, ನಾಲ್ವರು ಸೂಲಗಿತ್ತಿಯರು ಮತ್ತಿತರ ಸಿಬ್ಬಂದಿ ಇರಬೇಕು. ಮುಂದಿನ ಹಂತದಲ್ಲಿ 10,000ದಿಂದ 20,000 ಜನರಿಗೆ 75 ಹಾಸಿಗೆಗಳ ಆಸ್ಪತ್ರೆ. ದುಡಿಯುವ ಹೆಣ್ಣಿಗೆ ಹೆರಿಗೆಗೆ ಮೊದಲು ಆರು ವಾರ, ಅನಂತರ ಆರು ವಾರ ಬಿಡುವು. ಬಸಿರಿನಿಂದ ತಾಯಿಗೋ ಮಗುವಿಗೋ ಅಪಾಯವಿದ್ದಲ್ಲಿ ಗರ್ಭನಿರೋಧದ ಸಲಹೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲೇ ಕೊಡಬೇಕು. ವೈದ್ಯನಾಗುವವನಿಗೆ ಜನಜೀವನದ ತರಬೇತಿಯೂ ಇರಬೇಕು. ನಾನು ಎಂ.ಬಿ.ಬಿ.ಎಸ್. ಓದುವಾಗ ಬಾವಿಯ ನೀರಿಗೆ ಬ್ಲೀಚಿಂಗ್ ಪುಡಿ ಹಾಕುವ ಲೆಕ್ಕವನ್ನೂ ಮನೆಮನೆ ಸಮೀಕ್ಷೆಯನ್ನೂ ಕಲಿತದ್ದು ಈ ವಿಚಾರದ ಫಲವೇ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಜನರೇ ಸೇರಿ ಗ್ರಾಮ ಆರೋಗ್ಯ ಸಮಿತಿಯನ್ನು ರಚಿಸಿಕೊಳ್ಳಬೇಕು, ಜನರು ಕೈಗೂಡಿಸದೆ ಯೋಜನೆ ನಡೆಯದು ಎಂದು ಸಮಿತಿ ಒತ್ತಿ ಹೇಳಿತು.

ಗರ್ಭನಿರೋಧದ ವಿಷಯದಲ್ಲಿ ನಮ್ಮ ನಾಡು ಅದಕ್ಕಿಂತಲೂ ಮುಂದಿತ್ತೆಂಬುದು ನಮಗೆ ಹೆಮ್ಮೆಯ ಸಂಗತಿ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ನೀಡುವ ವ್ಯವಸ್ಥೆ ಮಾಡಿತು.

ವರದಿ ಬಂದ ಮರುವರ್ಷವೇ ದೇಶ ಸ್ವತಂತ್ರವಾಯಿತು. ಪರರ ಕಾಲದಲ್ಲಿ ಬರೆದ ಯೋಜನೆಯನ್ನು ನಡೆಸುವ ಹೊಣೆ ನಮ್ಮ ಮೇಲೆ ಬಿತ್ತು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ, 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂದವು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಕುಡಿಯುವ ನೀರು, ವಸತಿ, ವೈದ್ಯಸೌಲಭ್ಯ, ಕೂಸಿನ ಮನೆಗಳನ್ನು ಒದಗಿಸುವುದು ಮಾಲೀಕನ ಕರ್ತವ್ಯವಾಯಿತು. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತೆರೆದವು. ಕುಟುಂಬ ಯೋಜನೆಯ ರಾಷ್ಟ್ರೀಯ ಕಾರ್ಯಕ್ರಮವೂ ಆ ಕಾಲದಲ್ಲೇ ಮೊದಲಾಯಿತು. ಸಮಿತಿ ಬಯಸಿದುದೆಲ್ಲ ನಡೆಯಿತೆಂದು ನಾನು ಹೇಳಲಾರೆ. 75 ಹಾಸಿಗೆಗಳ ಆಸ್ಪತ್ರೆ ಪ್ರತಿ ಹೋಬಳಿಗೂ ಬರಲಿಲ್ಲ. ಹಲವು ಕೇಂದ್ರಗಳಲ್ಲಿ ಇಂದಿಗೂ ನಾಲ್ಕಾರು ಹಾಸಿಗೆಗಳು, ಒಬ್ಬನೇ ವೈದ್ಯ. ಆದರೂ ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಎಂಬ ನಿಯಮವಿದೆ; ಮಲೆನಾಡಿನಲ್ಲಿ ಇದಕ್ಕಿಂತ ಕಡಮೆ ಜನಕ್ಕೇ ಉಂಟು. 2005ರಿಂದ ಆಶಾ ಕಾರ್ಯಕರ್ತೆ ನಿಮ್ಮ ಬೀದಿಯಲ್ಲೇ ಇದ್ದಾಳೆ.

ಫಲವನ್ನೂ ನೋಡಿ. 2020ರ ಲೆಕ್ಕದಂತೆ ಸಾವಿರಕ್ಕೆ 162 ಇದ್ದ ಶಿಶುಮರಣ ದೇಶದಲ್ಲಿ 28ಕ್ಕೂ ಕರ್ನಾಟಕದಲ್ಲಿ 19ಕ್ಕೂ ಇಳಿಯಿತು. ಲಕ್ಷಕ್ಕೆ ಸುಮಾರು 2,000ದಂತೆ ಸಾಯುತ್ತಿದ್ದ ತಾಯಂದಿರ ಸಂಖ್ಯೆ 2018-20ರಲ್ಲಿ ದೇಶದಲ್ಲಿ 97, ಕರ್ನಾಟಕದಲ್ಲಿ 69. ಸರಾಸರಿ ಆಯುಷ್ಯ 27ರಿಂದ 70ಕ್ಕೆ ಏರಿತು. ಆದರೆ 69 ಎಂಬುದು ಸಣ್ಣ ಅಂಕಿಯೆಂದು ತಾಯಿಯನ್ನು ಕಳೆದುಕೊಂಡ ಮನೆಯವರಿಗೆ ಯಾರು ಹೇಳಬಲ್ಲರು?

ಸ್ವಾತಂತ್ರ್ಯದ ನಂತರವೂ ನಾವು ಒಂದು ಪಾಠವನ್ನು ಕಷ್ಟಪಟ್ಟು ಕಲಿಯಬೇಕಾಯಿತು. 1975-77ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ದೇಶದ ಹಲವೆಡೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಗುರಿ ಕಟ್ಟಿ ಒತ್ತಾಯ ನಡೆಯಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, ಹೆಚ್ಚಿನವು ಗಂಡಸರದು. ಪ್ಲೇಗಿನ ಕಾಲದಂತೆಯೇ ಜನ ಹೆದರಿ ದೂರ ಸರಿದರು. 1977ರಲ್ಲಿ ಕಾರ್ಯಕ್ರಮಕ್ಕೆ ಕುಟುಂಬ ಕಲ್ಯಾಣವೆಂಬ ಹೆಸರು ಬಂದಿತು. 1996ರಲ್ಲಿ ಮೇಲಿನಿಂದ ಗುರಿ ನಿಗದಿ ಮಾಡುವ ಪದ್ಧತಿಯನ್ನು ಕೈಬಿಟ್ಟರು. ಆದರೆ ಅಂದಿನ ಅಂಜಿಕೆ ಗಂಡಸರ ಮನಸ್ಸಿನಿಂದ ಇನ್ನೂ ಹೋಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ದಂಪತಿಗಳಲ್ಲಿ ನೂರಕ್ಕೆ ಸುಮಾರು 38 ಕಡೆ ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿದೆ. ಗಂಡನಿಗೆ ಆಗಿರುವುದು ನೂರಕ್ಕೆ ಒಂದು ಕಡೆಯೂ ಅಲ್ಲ. ಹೆರುವ ನೋವೂ ಅವಳದೇ, ತಡೆಯುವ ಭಾರವೂ ಅವಳದೇ ಎಂದಾದರೆ ಅದು ನ್ಯಾಯವೇ? ನೀವೇ ಯೋಚಿಸಿ.

ಒಂದು ಪ್ರಸಂಗವನ್ನು ಹೇಳುತ್ತೇನೆ. ತೋಟದ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಏಳು ತಿಂಗಳು ತುಂಬಿದ ಮೇಲೆ ಮೊದಲ ಬಾರಿಗೆ ನಮ್ಮ ಕೇಂದ್ರಕ್ಕೆ ಬಂದಳು. ನಾಲ್ಕು ವರ್ಷಗಳಲ್ಲಿ ಅದು ಮೂರನೆಯ ಬಸಿರು. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕಣ್ಣಿನ ಒಳರೆಪ್ಪೆ ಬಿಳಿಚಿತ್ತು. ಬಸುರಿಗೆ ಕನಿಷ್ಠ 11 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಅವಳಲ್ಲಿ 7 ಗ್ರಾಂಗಿಂತಲೂ ಕಡಮೆ. ಗಂಡ ಹೊರಗೆ ಜಗುಲಿಯ ಮೇಲೆ ಕುಳಿತಿದ್ದ. ಒಳಗೆ ಕರೆದಾಗ, "ಅದು ಹೆಂಗಸರ ವಿಚಾರ ಡಾಕ್ಟ್ರೇ, ಅವಳಿಗೇ ಹೇಳಿ" ಎಂದ. ನಾನು ಅವನನ್ನು ಕೂರಿಸಿ ಇಷ್ಟೇ ವಿವರಿಸಿದೆ: ಪ್ರತಿ ಬಸಿರಿನಲ್ಲೂ ತಾಯಿಯ ಮೈಯಿಂದ ಕಬ್ಬಿಣದ ಅಂಶ ಮಗುವಿಗೆ ಹೋಗುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಕಾಲ ಬೇಕು, ಊಟ ಬೇಕು. ಹೆರಿಗೆಯಲ್ಲಿ ಅರ್ಧ ಲೀಟರಿನವರೆಗೆ ರಕ್ತ ಹೋದರೂ ಗಟ್ಟಿಮುಟ್ಟಾದ ತಾಯಿ ತಡೆದುಕೊಳ್ಳುತ್ತಾಳೆ. ರಕ್ತವೇ ಇಲ್ಲದವಳು ಅಷ್ಟನ್ನೂ ತಡೆಯಲಾರಳು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನ ತಾಲ್ಲೂಕು ಆಸ್ಪತ್ರೆಗೆ ಅವಳೊಡನೆ ತಾನೇ ಹೋದ. ರಕ್ತ ಬೇಕೆಂದಾಗ ತೋಳು ಚಾಚಿದ. ತಾಯಿ ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಮರಳಿದರು. ಔಷಧವಿತ್ತು, ಆಸ್ಪತ್ರೆಯಿತ್ತು, ಯೋಜನೆಯೂ ಇತ್ತು. ಅದು ಆ ಹೆಣ್ಣುಮಗಳನ್ನು ತಲಪಿದ್ದು ಗಂಡ ಜಗುಲಿಯಿಂದ ಒಳಗೆ ಬಂದ ಮೇಲೆ.

ಆದ್ದರಿಂದ ಈಗ ನಿಮ್ಮ ಪಾಲಿನ ಕೆಲಸವನ್ನು ಹೇಳುತ್ತೇನೆ.

ಮೊದಲನೆಯದು, ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡನ್ನು ಮಾಡಿಸಿಕೊಳ್ಳಿ. ಹೆರಿಗೆಯೊಳಗೆ ಕನಿಷ್ಠ ನಾಲ್ಕು ಬಾರಿ ತಪಾಸಣೆಯಾಗಬೇಕು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಕಾದುದಿಲ್ಲ. ಮಗು ಕಪ್ಪಾಗುವುದೆಂಬ ಮಾತು ಸುಳ್ಳು. ರಾಗಿ, ಹುರುಳಿ, ನುಗ್ಗೆಸೊಪ್ಪು, ಬೆಲ್ಲ ನಿಮ್ಮ ಮನೆಯಲ್ಲೇ ಇವೆ. ಬಸುರಿಗೆ ಎಲ್ಲರ ಊಟವಾದ ಮೇಲೆ ಉಳಿದುದನ್ನು ಬಡಿಸಬೇಡಿ.

ಎರಡನೆಯದು, ನಿಮ್ಮ ಹಕ್ಕನ್ನು ತಿಳಿದುಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಊಟ, ಅಗತ್ಯಬಿದ್ದರೆ ಶಸ್ತ್ರಚಿಕಿತ್ಸೆ 2011ರಿಂದ ಉಚಿತ. ಕರೆದೊಯ್ಯಲು 108ಕ್ಕೆ ದೂರವಾಣಿ ಮಾಡಿದರೆ ಸಾಕು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳ ಹೆಣ್ಣುಮಕ್ಕಳಿಗೆ ಮೊದಲೆರಡು ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆ 2017ರಿಂದ ಕಾನೂನಿನಲ್ಲಿದೆ. ಹೊಲದ ಕೂಲಿಯ ತಾಯಂದಿರಿಗೆ ಅಂಥ ರಜೆಯಿಲ್ಲ. ಅವರಿಗೆ ನೆರವಾಗಲೆಂದೇ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಕೊಡಲಾಗುತ್ತದೆ. ಈ ಹಣ ತಾಯಿಯ ಬಿಡುವಿಗೆ ಮತ್ತು ಊಟಕ್ಕೆ. ಮನೆಯ ಹಳೆಯ ಸಾಲಕ್ಕಲ್ಲ.

ಮೂರನೆಯದು, ಮಕ್ಕಳ ನಡುವೆ ಮೂರು ವರ್ಷಗಳಾದರೂ ಅಂತರವಿರಲಿ. ಅದಕ್ಕೆ ದಾರಿಗಳು ಹಲವು. ನಿರೋಧ್ ಸುಲಭ, ಲೈಂಗಿಕ ರೋಗಗಳನ್ನೂ ತಡೆಯುತ್ತದೆ. ವಂಕಿ, ಅಂದರೆ ಕಾಪರ್-ಟಿ, ಒಮ್ಮೆ ಹಾಕಿಸಿದರೆ ಅದರ ಬಗೆಗೆ ತಕ್ಕಂತೆ ಐದು ಅಥವಾ ಹತ್ತು ವರ್ಷ ಕೆಲಸ ಮಾಡುತ್ತದೆ. ಮಗು ಬೇಕೆನಿಸಿದಾಗ ತೆಗೆಸಬಹುದು. ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು, ಅನಂತರ ವಾರಕ್ಕೊಂದು. ಇವೆಲ್ಲವೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಯಾವುದು ಯಾರಿಗೆ ಹೊಂದುತ್ತದೆಂಬುದನ್ನು ಪರೀಕ್ಷಿಸಿ ಹೇಳುವುದು ನಮ್ಮ ಕೆಲಸ. ಆರಿಸುವುದು ನಿಮ್ಮ ಕೆಲಸ.

ನಾಲ್ಕನೆಯದು, ಇಷ್ಟು ಮಕ್ಕಳು ಸಾಕೆಂದು ಇಬ್ಬರೂ ತೀರ್ಮಾನಿಸಿದರೆ ಪುರುಷ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಯೋಚಿಸಿ. ಈಗ ಅದಕ್ಕೆ ಹೊಲಿಗೆಯೂ ಬೇಡ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅಂದೇ ಮನೆಗೆ ಹೋಗಬಹುದು. ಹೆಂಗಸರ ಶಸ್ತ್ರಚಿಕಿತ್ಸೆಗೆ ಹೊಟ್ಟೆಯನ್ನು ತೆರೆಯಬೇಕು, ಇದಕ್ಕೆ ಬೇಕಿಲ್ಲ. ಗಂಡಸುತನ ಕುಂದದು, ನೇಗಿಲು ಹಿಡಿಯುವ ಶಕ್ತಿ ಕಡಮೆಯಾಗದು. ಬೀಜಾಣು ಹರಿಯುವ ನಾಳವನ್ನಷ್ಟೇ ಮುಚ್ಚಲಾಗುತ್ತದೆ. ಆದರೆ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯಪರೀಕ್ಷೆ ಮಾಡಿಸಿಕೊಂಡ ಮೇಲೆಯೇ ನಿಶ್ಚಿಂತರಾಗಬೇಕು. ಇದು ಶಾಶ್ವತ ಕ್ರಮವಾದುದರಿಂದ ಚೆನ್ನಾಗಿ ಆಲೋಚಿಸಿ ಒಪ್ಪಿರಿ. ಯಾರ ಬಲವಂತಕ್ಕೂ ಒಪ್ಪಬೇಡಿ. ಬೇಡವೆನ್ನುವ ಅಧಿಕಾರ ನಿಮಗೆ ಪೂರ್ತಿಯಾಗಿ ಇದೆ.

ಐದನೆಯದು, ನಿಮ್ಮ ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗೆ ಬನ್ನಿ, ಗಂಡಹೆಂಡಿರಿಬ್ಬರೂ ಬನ್ನಿ. ನೀರಿನ ತೊಟ್ಟಿ ತೊಳೆದದ್ದು ಯಾವಾಗ, ಉಪಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಇದೆಯೇ, ದಾದಿ ಬರುವ ದಿನ ಯಾವುದು ಎಂದು ಕೇಳಿ. ನಮ್ಮಲ್ಲಿ ಕೊರತೆಯಿದ್ದರೆ ನಮ್ಮನ್ನೇ ನಿಲ್ಲಿಸಿ ಕೇಳಿ. ಕೇಳುವುದು ಅವಿಧೇಯತೆಯಲ್ಲ.

ಬಂಧುಗಳೇ, ವಸಾಹತಿನ ಕಾಲದ ಪ್ರಜೆಗೆ ಯೋಜನೆಯನ್ನು ಪಡೆಯುವ ಅಥವಾ ಸಹಿಸುವ ಎರಡೇ ದಾರಿಗಳಿದ್ದವು. ಆ ಕಾಲದಲ್ಲೂ ಒಳ್ಳೆಯ ಮನಸ್ಸಿನವರು ಒಳ್ಳೆಯ ವರದಿ ಬರೆದರು. ಆದರೆ ಅದು ಅನ್ನವಾಗಿ, ಔಷಧವಾಗಿ ಹಳ್ಳಿಗೆ ಇಳಿಯಲು ಜನರ ಸರ್ಕಾರ ಬರಬೇಕಾಯಿತು. ಅದು ಮನೆಯ ಹೊಸ್ತಿಲು ದಾಟಿ ಒಳಗೆ ಬರಲು ಸರ್ಕಾರವೂ ಸಾಲದು. ಮನೆಯ ಯಜಮಾನ, ಯಜಮಾನಿ ಒಂದು ಮಾತಾಗಬೇಕು. ನಿಮ್ಮ ಉಪಕೇಂದ್ರದಲ್ಲಿ ತಾಯಿ ಮಕ್ಕಳ ತಪಾಸಣೆ ನಡೆಯುವ ದಿನ ಯಾವುದೆಂದು ಇಂದೇ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಿ. ಆ ದಿನ ಇಬ್ಬರೂ ಜೊತೆಯಾಗಿ ಬನ್ನಿ. ನಾವು ಕಾದಿರುತ್ತೇವೆ.